ಏಳನೇ ಕೊಂಬೆಯ ತಾಯಿ

ಮೇ 11, ಮಂಗಳವಾರ

ನಾನು, ಫೆರ್ಮಿನ್ ಕಿರೋಸ್, ವಯಸ್ಸು ಐವತ್ತೊಂಬತ್ತು, ವಾಸ ತುರ್ರಿಯಾಲ್ಬಾ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ, ಈ ಹೊಸ ನೋಟುಬುಕ್ಕಿನ ಸನ್ನಿಧಿಯಲ್ಲಿ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ, ಧರ್ಮಪತ್ನಿ ಯಾಮಿಲೆತ್ ಶಾಲೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಹೊತ್ತಿನಲ್ಲಿ, ಆಕೆಯ ಬಿಳಿ ಒಳಲಂಗದ ಹಿಂಭಾಗದಿಂದ ಒಂದು ಗೇಣು ಬಟ್ಟೆಯನ್ನು ಕತ್ತರಿಸಿದ್ದೇನೆ. ಆಯುಧ: ಕೋಳಿ ಕತ್ತರಿಸುವ ಕತ್ತರಿ. ಉದ್ದೇಶ: ಕ್ಯಾಮೆರಾದ ಫ್ಲಾಶ್ ಬೆಳಕನ್ನು ಮೆದುಗೊಳಿಸುವುದು. ಬಟ್ಟೆಯನ್ನು ಆಲೂಗಡ್ಡೆ ಚಿಪ್ಸಿನ ಉದ್ದ ಡಬ್ಬಿಯ ಬಾಯಿಗೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಲಂಗದ ಉಳಿದ ಭಾಗವನ್ನು, ಗಾಯ ಒಳಗೆ ಬರುವಂತೆ ಮಡಿಸಿ, ಕಪಾಟಿನ ತಳಕ್ಕೆ ಸೇರಿಸಿದ್ದೇನೆ. ಅಷ್ಟು ವರ್ಷ ಕತ್ತಲಲ್ಲಿದ್ದ ವಸ್ತುವೊಂದು ಹೀಗೆ ಬೆಳಕಿಗೆ ಬಂತು.

ಕಾರಣವನ್ನೂ ದಾಖಲಿಸಬೇಕು. ಜನವರಿಯಲ್ಲಿ ಪತ್ರಿಕೆಯವರು ನನ್ನ ನಗೆ ಅಂಕಣ ನಿಲ್ಲಿಸಿದರು. ಇಪ್ಪತ್ತಾರು ವರ್ಷ ಅದರಲ್ಲಿ ಊರಿನವರನ್ನು ಆಡಿಕೊಂಡು ಊರನ್ನೇ ನಗಿಸಿದೆ. ಊರಿನವರ ಸರಕು ಮುಗಿದ ವಾರ ಹೆಂಡತಿಯನ್ನು ಬಳಸಿದೆ. ಆಕೆಗೆ ಕೀಟಗಳ ಹುಚ್ಚು. 'ಅವಳು ಹುಳ ಹುಡುಕುತ್ತಾಳೆ, ನಾನು ಹುಳುಕು ಹುಡುಕುತ್ತೇನೆ, ಹೀಗಾಗಿ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುವವರು ಯಾರೂ ಇಲ್ಲ' ಎಂದು ಬರೆದೆ. ಜನ ಬಿದ್ದುಬಿದ್ದು ನಕ್ಕರು. ಆ ವಾರದಿಂದ ಮಾರುಕಟ್ಟೆಯಲ್ಲಿ ಆಕೆ 'ದೋನ್ಯಾ ಹುಳ', ಅಂದರೆ ಶ್ರೀಮತಿ ಹುಳ, ಆದಳು. ಇಂದಿಗೂ ಹಾಗೆಯೇ. ಒಮ್ಮೆಯೂ ದೂರಲಿಲ್ಲ. ಅಂಕಣ ಓದುವುದನ್ನು ಮಾತ್ರ ಬಿಟ್ಟಳು.

ಈಗ ನಮ್ಮ ಹಿತ್ತಲಿನ ಗಿಡದ ಏಳನೇ ಕೊಂಬೆಯಲ್ಲಿ ಒಂದು ಮುಳ್ಳುಹುಳ ಮೊಟ್ಟೆಯಿಟ್ಟು ಅದರ ಮೇಲೆ ಕೂತಿದೆ. ಗುಲಾಬಿ ಮುಳ್ಳೊಂದು ಕಾಲು ಮೂಡಿಸಿಕೊಂಡು ಕೂತಂತೆ, ಕಡಲೆಕಾಳಿನಷ್ಟು ಗಾತ್ರ, ಬೆನ್ನಿನ ಮೇಲೆ ಕೊಂಬು. ಯಾಮಿಲೆತ್ ದಿನಕ್ಕೆರಡು ಬಾರಿ, ಬೆಳಗ್ಗೆ ಆರಕ್ಕೆ ಮತ್ತು ಸಂಜೆ ನಾಲ್ಕಕ್ಕೆ, ಭೂತಗನ್ನಡಿ ಹಿಡಿದು ನೋಡಿ ಬರೆದುಕೊಳ್ಳುತ್ತಾಳೆ. ಜುಲೈ ಮೂರಕ್ಕೆ ಕಾರ್ತಾಗೊದಲ್ಲಿ ಕೀಟ ಅಭ್ಯಾಸಿಗಳ ಸಭೆ. ಮೂವತ್ತು ವರ್ಷದ ಟೀಚರ್ ಕೆಲಸದಲ್ಲಿ ಮೊದಲ ಬಾರಿಗೆ ಆಕೆಯ ಪ್ರಬಂಧಕ್ಕೆ ಅಲ್ಲಿ ಜಾಗ ಸಿಕ್ಕಿದೆ.

"ಒಂದು ಒಳ್ಳೆ ಫೋಟೋನೂ ಬೇಕಂತೆ," ಅಂದಳು ನಿನ್ನೆ.

"ನಾನು ತೆಗೀತೀನಿ."

"ನೀವಾ? ನಮ್ಮ ಮದುವೆ ಫೋಟೋದಲ್ಲೇ ನೀವು ಕಣ್ಣು ಮುಚ್ಚಿದೀರಿ."

"ಅದು ತೆಗೆಸಿಕೊಳ್ಳೋ ಕಡೆ. ಇದು ತೆಗೆಯೋ ಕಡೆ. ನಿಮ್ಮ ಹುಳದ ಕಣ್ಣಿನ ಒಂದೊಂದು ರೆಪ್ಪೆಗೂದಲೂ ಎಣಿಸಬಹುದು, ಹಾಗೆ ತೆಗೀತೀನಿ."

"ಅದಕ್ಕೆ ರೆಪ್ಪೆ ಇಲ್ಲ," ಅಂದಳು.

ಬಹುವಚನದಲ್ಲೇ ಮಾತಾಡಿ ಮನುಷ್ಯನನ್ನು ಇಷ್ಟು ಏಕವಚನಕ್ಕೆ ಇಳಿಸುವ ಕಲೆ ಆಕೆಗೇ ಗೊತ್ತು.

ಮೇ 19, ಬುಧವಾರ

ಗುರುಗಳು ಸಿಕ್ಕಿದ್ದಾರೆ. ತೊಬಿಯಾಸ್ ಸೆಗುರಾ, ಕಾರ್ತಾಗೊ ಬಸ್ಸಿನ ಡ್ರೈವರ್. ಹನ್ನೆರಡು ವರ್ಷದಿಂದ ಸೂಕ್ಷ್ಮ ಚಿತ್ರ ತೆಗೆಯುತ್ತಿದ್ದಾನೆ. ಬಸ್ಸು ನಿಂತಲ್ಲೆಲ್ಲ ಇಳಿದು ಬೇಲಿಗೆ ಮೂಗು ಹಚ್ಚುತ್ತಾನೆ. ಪ್ರಯಾಣಿಕರು ಅವನಿಗೆ ಮೂತ್ರದ ಕಾಯಿಲೆ ಎಂದು ತಿಳಿದಿದ್ದಾರೆ. ಕ್ಯಾಮೆರಾ ಅವನ ಹಳೆಯದು, ಸಾಲ ಕೊಟ್ಟಿದ್ದಾನೆ.

ಈ ಕೆಲಸದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದು ಉಗುರಿನ ದಪ್ಪವೂ ಇರುವುದಿಲ್ಲ. ಕಣ್ಣು ಸ್ಪಷ್ಟವಾದರೆ ಮೂತಿ ಮಂಜು. ಮೂತಿ ಸಿಕ್ಕಿದರೆ ಕಣ್ಣು ಹೋಯಿತು.

"ಲೆನ್ಸಿನ ಉಂಗುರ ತಿರುಗಿಸ್ಬೇಡಿ, ದೊನ್ ಫೆರ್ಮಿನ್," ಅಂದ. "ನಿಮ್ಮ ಮೈಯೇ ಉಂಗುರ ಅಂದ್ಕೊಳ್ಳಿ. ಕೂದಲೆಳೆ ಮುಂದೆ ವಾಲಿ, ಕೂದಲೆಳೆ ಹಿಂದೆ ವಾಲಿ. ಕಣ್ಣು ಮಿಂಚಿದ ತಕ್ಷಣ ಒತ್ತಿ. ಉಸಿರು ಬಿಟ್ಟಾದ್ಮೇಲೆ, ಇನ್ನೊಂದು ಉಸಿರು ತಗೊಳ್ಳೋ ಮೊದಲು."

"ಆ ಸಂದಿನಲ್ಲೇ ಪ್ರಾಣ ಹೋದ್ರೆ?"

"ಹೋಗ್ಲಿ. ಕೈ ಅಲ್ಲಾಡಲ್ಲ."

ಇನ್ನೊಂದು ನಿಯಮವನ್ನೂ ಹೇಳಿದ. "ನಾವು ಅವರ ಮನೆಗೆ ಹೋಗ್ಬೇಕು. ಅವರನ್ನ ನಮ್ಮನೆಗೆ ಕರ್ಕೊಂಡು ಬರಬಾರ್ದು."

ಮೇ 24, ಸೋಮವಾರ

ನೂರಾ ಹನ್ನೆರಡು ಚಿತ್ರ. ನೂರಾ ಹನ್ನೆರಡರಲ್ಲೂ ಕೊಂಬೆ ಬಹಳ ಚೆನ್ನಾಗಿ ಬಂದಿದೆ.

ಜೂನ್ 2, ಬುಧವಾರ

ಮೊಟ್ಟೆ ಒಡೆದಿವೆ. ಸಾಸಿವೆಗಿಂತ ಸಣ್ಣ ಎಪ್ಪತ್ತನಾಲ್ಕು ಮರಿ, ಕೊಂಬೆಯ ಉದ್ದಕ್ಕೂ ಸಾಲುಗಟ್ಟಿ ಕೂತಿವೆ. ತಾಯಿ ಸಾಲಿನ ಬುಡದಲ್ಲಿ, ಬಾಗಿಲಲ್ಲಿ ಕೂತ ಅತ್ತೆಯಂತೆ. ನಾನು ಅವಳಿಗೆ 'ಮುಳ್ಳಮ್ಮ' ಎಂದು ಹೆಸರಿಟ್ಟೆ. ಹೆಸರಿಡುವುದು ವಿಜ್ಞಾನವಲ್ಲ ಎಂದು ಯಾಮಿಲೆತ್ ಅಂದಳು. ಮಧ್ಯಾಹ್ನ ಅನ್ನ-ಹುರುಳಿಯ ತಟ್ಟೆ ಕೈಲಿ ಹಿಡಿದು ಹಿತ್ತಲಿಗೆ ಹೊರಟವಳನ್ನು ಕೇಳಿದೆ, ಎಲ್ಲಿಗೆ ಎಂದು. "ಮುಳ್ಳಮ್ಮನ್ನ ನೋಡ್ಕೊಂಡು ಬರ್ತೀನಿ," ಅಂದಳು. ಇಬ್ಬರೂ ನಕ್ಕೆವು. ಒಟ್ಟಿಗೆ ನಕ್ಕದ್ದು ಹಿಂದೆ ಯಾವಾಗ ಎಂದು ಜ್ಞಾಪಿಸಿಕೊಳ್ಳಲು ಹೋಗಿ, ಬಿಟ್ಟೆ.

ಜೂನ್ 6, ಭಾನುವಾರ

ಇವತ್ತು ಕಂಡದ್ದನ್ನು ಬರೆಯದಿದ್ದರೆ ನನಗೇ ನಂಬಿಕೆ ಬರುವುದಿಲ್ಲ. ಒಂದು ಕಣಜ ಬಂತು. ಮರಿಗಳ ಸಾಲಿನ ಆ ತುದಿಯಲ್ಲಿ ಇಳಿಯಿತು. ಅಲ್ಲಿದ್ದ ಮರಿ ಮೈ ಕೊಡವಿತು; ಪಕ್ಕದ್ದೂ ಕೊಡವಿತು; ಎಣಿಸುವಷ್ಟರಲ್ಲಿ ಎಪ್ಪತ್ತು ಚಿಲ್ಲರೆ ಮರಿಯೂ ಒಟ್ಟಿಗೆ ಕೊಡವಿದವು. ಸದ್ದಿಲ್ಲ. ಆದರೆ ಕೊಂಬೆ ನಡುಗಿದ್ದು ತಾಯಿಯ ಕಾಲಿಗೆ ತಿಳಿಯುತ್ತದಂತೆ. ಮುಳ್ಳಮ್ಮ ಬುಡದಿಂದ ತುದಿಗೆ ದಡಬಡನೆ ನಡೆದು ಬಂದು, ರೆಕ್ಕೆ ಬಡಿದು, ಕಣಜಕ್ಕೆ ಒದ್ದಳು. ಕಣಜ ಹಾರಿತು. ಮರಿಗಳು ಸುಮ್ಮನಾದವು. ಆಕೆ ಸಾಲಿನುದ್ದಕ್ಕೂ ಒಮ್ಮೆ ಓಡಾಡಿ, ಎಲ್ಲರೂ ಇದ್ದಾರೆಂದು ನೋಡಿದವಳಂತೆ, ಮತ್ತೆ ಬುಡದಲ್ಲಿ ಕೂತಳು.

"ಇವಳು ಒಂದು ಗಂಟೆ ಇಲ್ದಿದ್ರೆ ಇಷ್ಟೂ ಮರಿ ಹೋಗ್ತವೆ," ಅಂದಳು ಯಾಮಿಲೆತ್. "ಅದಕ್ಕೇ ಯಾರೂ ಮುಟ್ಟಬಾರ್ದು ಅನ್ನೋದು. ಗೊತ್ತಾಯ್ತಾ?"

ಗೊತ್ತಾಯಿತು ಅಂದೆ.

ಚಿತ್ರ ಒಂದೂ ಬರಲಿಲ್ಲ. ನೋಡುತ್ತಾ ಒತ್ತುವುದನ್ನೇ ಮರೆತೆ.

ಜೂನ್ 10, ಗುರುವಾರ

ನಾಲ್ಕು ನೂರು ಚಿತ್ರ ದಾಟಿದೆ. ಗಾಳಿ, ಮಳೆ, ನನ್ನ ಮೊಣಕಾಲು, ಈ ಮೂವರಲ್ಲಿ ಒಬ್ಬರು ಸುಮ್ಮನಿದ್ದರೆ ಇನ್ನಿಬ್ಬರು ಅಲ್ಲಾಡುತ್ತಾರೆ. ಸಭೆಯವರಿಗೆ ಹದಿನೈದರೊಳಗೆ ಚಿತ್ರ ಕಳಿಸಬೇಕು. ಯಾಮಿಲೆತ್ ಕೇಳುತ್ತಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. "ತೊಬಿಯಾಸ್‌ನ ಕೇಳ್ಲಾ?" ಅಂತ ಮಾತ್ರ ಒಂದು ಸಲ ಅಂದಳು, ಬಟ್ಟೆ ಹಿಂಡುತ್ತಾ, ನನ್ನ ಮುಖ ನೋಡದೆ. ಬೇಡ ಅಂದೆ. ಚಿತ್ರದ ಕೆಳಗೆ ನನ್ನ ಹೆಸರಿರಬೇಕು. ಈ ಕೈಯಿಂದ ಆಕೆಯ ಬಗ್ಗೆ ಏನೇನೋ ಬರೆದಿದ್ದೇನೆ. ಒಂದಾದರೂ ಒಳ್ಳೆಯದು ಈ ಕೈಯಿಂದಲೇ ಆಗಲಿ.

ತೊಬಿಯಾಸ್ ಬಂದಿದ್ದ. ದೊಡ್ಡ ಊರುಗಳಲ್ಲಿ ಬಹುಮಾನ ಹೊಡೆಯುವವರ ಮೇಲೆ ಅವನಿಗೆ ಸಿಟ್ಟು.

"ಅವರೇನ್ ಮಾಡ್ತಾರೆ ಗೊತ್ತಾ? ಹುಳಾನ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿ ಹತ್ತು ನಿಮಿಷ ಇಡ್ತಾರೆ. ಚಳಿಗೆ ಮರಗಟ್ಟಿ ಗೊಂಬೆ ಆಗ್ತದೆ. ಆಮೇಲೆ ಕಾಡಲ್ಲಿ ಸಿಕ್ತು ಅಂತ ಬಹುಮಾನ ತಗೋತಾರೆ."

"ಛೇ," ಅಂದೆ.

ಜೂನ್ 13, ಭಾನುವಾರ

ಚಿತ್ರ ಬಂತು.

ಯಾಮಿಲೆತ್ ಆರು ಗಂಟೆಗೆ ಎಣಿಸಿ ('ತಾಯಿ ಇದ್ದಾಳೆ, ಮರಿ 71') ಒಂಬತ್ತಕ್ಕೆ ಚರ್ಚಿಗೆ ಹೋದಳು. ನಾನು ಮುಳ್ಳಮ್ಮನನ್ನು ಎರಡು ಬೆರಳಲ್ಲಿ ಎತ್ತಿದೆ. ಕೊಂಬು ಚುಚ್ಚಿತು. ಚೀಸ್ ಡಬ್ಬಿಯನ್ನು ತೊಳೆದು, ಒರೆಸಿ, ಒಳಗಿಟ್ಟು, ಫ್ರಿಜ್ಜಿಗೆ. ಹತ್ತೇ ನಿಮಿಷ. ಆದರೆ ಫ್ಲಾಶಿನ ಬ್ಯಾಟರಿ ಸತ್ತಿತ್ತು; ಬದಲಿ ಹುಡುಕುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಅಡುಗೆಮನೆ ಮೇಜಿನ ಮೇಲೆ ಒಂದು ಒಣ ಕಡ್ಡಿ, ಹಿಂದೆ ಯಾಮಿಲೆತ್‌ಳ ಹಸಿರು ಏಪ್ರನ್. ಮುಳ್ಳಮ್ಮ ಕೂರಿಸಿದಲ್ಲೇ ಕೂತಳು. ಮೈಮೇಲೆಲ್ಲ ಮುತ್ತಿನಂಥ ಹನಿಗಳು ತಾವಾಗಿಯೇ ಮೂಡಿದವು. ಮೂವತ್ತು ಒತ್ತಿದೆ. ಮೂವತ್ತೂ ಸ್ಪಷ್ಟ. ಒಂದರಲ್ಲಂತೂ ಕೆಂಪು ಕಣ್ಣು, ಹನಿ, ಕೊಂಬಿನ ಹಳದಿ ಗೆರೆ, ಎಲ್ಲವೂ ಎದ್ದು ಕಾಣುತ್ತವೆ.

ಮರಳಿ ಕೊಂಬೆಯಲ್ಲಿ ಬಿಟ್ಟೆ. ಮೊದಲ ಸಲ ಜಾರಿದಳು. ಎರಡನೇ ಸಲವೂ. ಮೂರನೇ ಸಲ ಹಿಡಿದುಕೊಂಡಳು. ಬಿಸಿಲಿಗೆ ಸರಿಹೋಗುತ್ತಾಳೆ.

ಯಾಮಿಲೆತ್ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ, "ಫೆರ್ಮಿನ್, ನನಗೆ ಇವಳು ಹೀಗೇ ಕಾಣೋದು. ಬೇರೆಯವರಿಗೂ ಕಾಣಲಿ ಅಂತ ಎಷ್ಟು ಸಲ ಅಂದ್ಕೊಂಡಿದೀನಿ," ಅಂದಳು. "ಮರಿ ಎಲ್ಲಿ?"

"ಚೌಕಟ್ಟಿನ ಆಚೆ."

ನನ್ನ ತಲೆಗೆ ಮುತ್ತಿಟ್ಟಳು. ಇಪ್ಪತ್ತಾರು ವರ್ಷದ ಅಂಕಣಕ್ಕೆ ಇಷ್ಟು ಸಂಭಾವನೆ ಬಂದಿರಲಿಲ್ಲ.

ಜೂನ್ 14, ಸೋಮವಾರ

ನಿನ್ನೆ ಸಂಜೆಯೇ ಐವತ್ತೆರಡು ಇದ್ದವಂತೆ. ಇಂದು ಬೆಳಗ್ಗೆ ಮೂವತ್ತೆಂಟು. ತಾಯಿ ಇಲ್ಲ.

ಗಿಡದ ಬುಡದಲ್ಲಿ ಹುಡುಕಿದೆ. ಎಲೆಗಳ ಕೆಳಗೆ ಹುಡುಕಿದೆ. ಒಂದು ಮುಳ್ಳು ಸಿಕ್ಕಿತು, ಅದು ಮುಳ್ಳೇ.

ಜೂನ್ 16, ಬುಧವಾರ

ಬೆಳಗ್ಗೆ ಐದೂವರೆ. 19.

ಆ ಕಣಜ ದಾರಿ ಕಲಿತುಬಿಟ್ಟಿದೆ. ಬರುತ್ತದೆ, ಒಂದನ್ನು ಒಯ್ಯುತ್ತದೆ, ಮತ್ತೆ ಬರುತ್ತದೆ. ಮರಿಗಳು ಈಗಲೂ ಒಟ್ಟಿಗೆ ಮೈ ಕೊಡವುತ್ತವೆ. ಕೊಂಬೆ ನಡುಗುತ್ತದೆ. ಬೀಸಣಿಗೆಯಿಂದ ಓಡಿಸೋಣವೆಂದು ಹೋದೆ. ಯಾಮಿಲೆತ್ ತೋಳು ಹಿಡಿದಳು. "ಬೇಡ. ಏನಾಗ್ತದೋ ಅದನ್ನೇ ಬರೀಬೇಕು ನಾವು."

ಆಕೆಯ ನೋಟುಬುಕ್ಕಿನಲ್ಲಿ: 'ತಾಯಿ ಕಾಣಲಿಲ್ಲ. ಕಾರಣ ತಿಳಿದಿಲ್ಲ.' ಆ ಭಾನುವಾರ ಚರ್ಚಿನಲ್ಲಿ ಆಕೆ ಬಲಿಪೂಜೆಯಲ್ಲಿದ್ದಳು. ಬಲಿ ಮನೆಯಲ್ಲಿ ನಡೆಯುತ್ತಿತ್ತು. ಇದು ಒಳ್ಳೆಯ ಸಾಲು. ಅಂಕಣ ಇದ್ದಿದ್ದರೆ ಬಳಸಬಹುದಿತ್ತು, ನನಗೆ ಮೊದಲು ಹೊಳೆದದ್ದು ಇದೇ. ಎಂಥ ಮನುಷ್ಯ ನಾನು.

ಜೂನ್ 18, ಶುಕ್ರವಾರ

ಐದೂವರೆ. 4.

ಜೂನ್ 19, ಶನಿವಾರ

ಐದೂವರೆ. ಕೊಂಬೆ.

ಜೂನ್ 22, ಮಂಗಳವಾರ

ತೊಬಿಯಾಸ್‌ಗೆ ಚಿತ್ರ ತೋರಿಸಲು ಯಾಮಿಲೆತ್‌ಳೇ ಕರೆದಳು. ಕಾಫಿ ಸೋಸಿ, ಜೋಳದ ರೊಟ್ಟಿಗೆ ಹುಳಿಕೆನೆ ಹಚ್ಚಿ ಕೊಟ್ಟಳು. ಅವನು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದ. ದೂರ ಹಿಡಿದ. ಮತ್ತೆ ಹತ್ತಿರ.

"ಹೇಗಿದೆ ಶಿಷ್ಯನ ಕೆಲಸ?" ಅಂದಳು ಯಾಮಿಲೆತ್. ಆಕೆಯ ಧ್ವನಿಯಲ್ಲಿ ಹೆಮ್ಮೆಯಿತ್ತು. ಅದು ನನ್ನ ಬಗ್ಗೆ.

"ಹನಿ ಚೆನ್ನಾಗಿ ಬಂದಿದೆ, ದೋನ್ಯಾ," ಅಂದ. ರೊಟ್ಟಿ ಅರ್ಧಕ್ಕೆ ಬಿಟ್ಟ. ಹೊರಡುವಾಗ ಬಾಗಿಲಲ್ಲಿ ನನ್ನನ್ನು ನೋಡಿ, "ಕ್ಯಾಮೆರಾ ನಿಮ್ಮಲ್ಲೇ ಇರ್ಲಿ. ನನಗೆ ಈಗ ಬೇಡ," ಅಂದ.

ಬಸ್ಸಿನಲ್ಲಿ ಸಿಳ್ಳೆ ಹಾಕುತ್ತಾ ಹೋಗುವ ಮನುಷ್ಯ. ನಮ್ಮ ಬೀದಿ ತಿರುಗುವವರೆಗೂ ಕಿವಿಗೊಟ್ಟೆ. ಸಿಳ್ಳೆಯಿಲ್ಲ.

ಜೂನ್ 25, ಶುಕ್ರವಾರ

ಪ್ರಬಂಧ ಬರೆದು ಮುಗಿಸಿದ್ದಾಳೆ. "ನೀವು ಬರಹಗಾರರು, ಭಾಷೆ ಸ್ವಲ್ಪ ತಿದ್ದಿಕೊಡಿ," ಅಂದು ಮೇಜಿನ ಮೇಲಿಟ್ಟಳು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನನ್ನ ಬರವಣಿಗೆಯಿಂದ ಏನನ್ನೋ ಕೇಳಿದ್ದು.

ಹದಿಮೂರು ಪುಟ. ಕೊನೆಯ ಪುಟದಲ್ಲಿ: 'ಮರಿಗಳ ಹದಿಮೂರನೆಯ ದಿನ ತಾಯಿ ಕಾಣಲಿಲ್ಲ. ಕಾರಣ ತಿಳಿಯದು. ಎಲ್ಲ ಮರಿಗಳೂ ಐದು ದಿನದಲ್ಲಿ ನಾಶವಾದವು.'

"ಇದು ಸ್ವಲ್ಪ ಒಣಗಿದೆ ಅಲ್ವಾ?" ಅಂದಳು. "ಇದೇ ಪ್ರಬಂಧದ ಮುಖ್ಯ ಜಾಗ. ಇಂಥ ತಾಯಿ ಮಕ್ಕಳನ್ನ ನಡುವೆ ಬಿಟ್ಟು ಹೋದದ್ದು ನನಗೆ ಗೊತ್ತಿರೋ ಹಾಗೆ ಯಾರೂ ಬರೆದಿಲ್ಲ. ಕೀಟಶಾಸ್ತ್ರದ ದೊಡ್ಡ ವಿದ್ವಾಂಸರು ದೊತೋರ್ ಉಲಾತೆ ಬರ್ತಾರೆ ಸಭೆಗೆ. ಅವರು ಇದನ್ನ ಕೇಳಬೇಕು."

ನಾನು ಪೆನ್ನು ತೆಗೆದುಕೊಂಡೆ. 'ಕಾಣಲಿಲ್ಲ' ಎಂಬುದನ್ನು ಹೊಡೆದು, 'ತೊರೆದು ಹೋದಳು' ಎಂದು ಬರೆದೆ. ಕೈ ತಾನಾಗಿ ಬರೆಯಿತು. ಲಯ ಅದನ್ನೇ ಕೇಳುತ್ತಿತ್ತು. ಆಕೆ ಓದಿ, "ಎಷ್ಟು ಚೆನ್ನಾಯ್ತು ನೋಡಿ," ಅಂದಳು.

ಇಪ್ಪತ್ತಾರು ವರ್ಷ ಊರಿನವರ ಮೇಲೆ ಬರೆದೆ, ಒಬ್ಬರೂ ಮಾನನಷ್ಟದ ದಾವೆ ಹೂಡಲಿಲ್ಲ. ಈಗ ಕಡಲೆಕಾಳಿನಷ್ಟು ಹೆಂಗಸೊಬ್ಬಳು ಎಲ್ಲಿಂದಲೋ ನನ್ನನ್ನು ನೋಡುತ್ತಿದ್ದಾಳೆ ಎನಿಸುತ್ತದೆ. ಅವಳು ಯಾರನ್ನೂ ತೊರೆಯಲಿಲ್ಲ. ಅವಳನ್ನು ಒಯ್ದರು.

ಶನಿವಾರ ಆಕೆ ಅದನ್ನು ಎಲ್ಲರೆದುರು ಓದುವ ಮೊದಲು ಹೇಳಬೇಕು. ಹೇಳಿದರೆ ಪ್ರಬಂಧದ ಮುಖ್ಯ ಜಾಗವೇ ಹೋಗುತ್ತದೆ. ಹೇಳದಿದ್ದರೆ ಜೀವಮಾನದಲ್ಲಿ ಒಂದು ಸುಳ್ಳು ಅಂಕಿ ಬರೆಯದ ಹೆಂಗಸು ಸುಳ್ಳನ್ನು ತನ್ನ ಹೆಸರಲ್ಲಿ ಓದುತ್ತಾಳೆ. ಎಂಟು ದಿನವಿದೆ.

ಜೂನ್ 28, ಸೋಮವಾರ

ಐದು ದಿನವಿದೆ. ಮಳೆ.

ಜೂನ್ 30, ಬುಧವಾರ

ಹೇಳಿದೆ.

ಇಂದು ಸಂಜೆ ಕಾಫಿಗೆ ಕೂತಾಗ, ಕಪ್ಪನ್ನು ಪಕ್ಕಕ್ಕಿಟ್ಟು, "ಯಾಮಿಲೆತ್, ಒಂದು ಮಾತು," ಅಂದೆ. ಫ್ರಿಜ್ಜು, ಚೀಸ್ ಡಬ್ಬಿ, ಮುಕ್ಕಾಲು ಗಂಟೆ, ಎರಡು ಸಲ ಜಾರಿದ್ದು, ಒಂದನ್ನೂ ಬಿಡದೆ ಹೇಳಿದೆ. ಒಂದೂ ತಮಾಷೆ ಮಾಡಲಿಲ್ಲ. ಆಕೆ ಕಿಟಕಿಯ ಕಡೆ ನೋಡುತ್ತಾ ಕೇಳಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ ಪ್ರಬಂಧ ತರಿಸಿ, ಕೊನೆಯ ಪುಟದ ಆ ಭಾಗಕ್ಕೆ ಉದ್ದಕ್ಕೆ ಗೆರೆ ಎಳೆದು, "ಸತ್ಯ ಚಿಕ್ಕದಾದರೂ ಸಾಕು, ಫೆರ್ಮಿನ್," ಎಂದು ನನ್ನ ಕೈ ಹಿಡಿದಳು.

ಇಪ್ಪತ್ತಾರು ವರ್ಷ ಬರೆದೆ; ಇಷ್ಟು ಧೈರ್ಯದ ಕೆಲಸ ಮಾಡಿದ ದಿನ ಬೇರೆ ಇಲ್ಲ. ನನ್ನನ್ನು ಹೇಡಿ ಎನ್ನುವವರು ಬಂದು ಈ ಪುಟ ಓದಲಿ.

ಜುಲೈ 3, ಶನಿವಾರ

ಕಾರ್ತಾಗೊದಿಂದ ಮೂರು ಗಂಟೆಯ ಬಸ್ಸಿಗೆ ಮರಳಿದೆವು. ಯಾಮಿಲೆತ್ ಹಿತ್ತಲಲ್ಲಿದ್ದಾಳೆ. ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಶಾಲೆಯೊಂದರ ಸಭಾಂಗಣ, ನಲವತ್ತು ಜನ. ಆಕೆ ನೀಲಿ ಬಟ್ಟೆ ಹಾಕಿದ್ದಳು, ಕೂದಲು ಕಟ್ಟಿಸಿಕೊಂಡು ಬಂದಿದ್ದಳು. ನಿಂತು ಓದಿದಳು. ಮರಿಗಳು ಒಟ್ಟಿಗೆ ಮೈ ಕೊಡವುವ ಭಾಗಕ್ಕೆ ಬಂದಾಗ ಯಾರೂ ಕೆಮ್ಮಲೂ ಇಲ್ಲ. ದೋನ್ಯಾ ಹುಳ ಎಂದು ಅಲ್ಲಿ ಯಾರೂ ಕರೆಯಲಿಲ್ಲ. ಪ್ರೊಫೆಸೋರಾ ಎಂದರು. ಕೊನೆಯ ಪುಟ ಬಂತು. "ಹದಿಮೂರನೆಯ ದಿನ ತಾಯಿ ಮಕ್ಕಳನ್ನು ತೊರೆದು ಹೋದಳು," ಎಂದು ಓದಿದಳು. ಲಯ ಚೆನ್ನಾಗಿ ಕೇಳಿಸಿತು.

ಆಮೇಲೆ ಗೋಡೆಯ ಮೇಲೆ ನನ್ನ ಚಿತ್ರ ಬಂತು, ಎರಡು ಆಳೆತ್ತರ. ಕೆಳಗೆ ನನ್ನ ಹೆಸರು. ಜನ 'ಆಹಾ' ಅಂದರು.

ಮುಂದಿನ ಸಾಲಿನಿಂದ ದೊತೋರ್ ಉಲಾತೆ ಎದ್ದರು. ಬಿಳಿಗಡ್ಡ, ಮೆದು ಮಾತು.

"ಚೆಲುವಾದ ಚಿತ್ರ, ಪ್ರೊಫೆಸೋರಾ. ಒಂದೇ ಪ್ರಶ್ನೆ. ಈ ಹನಿಗಳು ಒಂದೇ ಅಳತೆ ಇವೆ, ಮೈಮೇಲೆ ಮಾತ್ರ ಇವೆ. ಕಡ್ಡಿ ಒಣಗಿದೆ. ಇಬ್ಬನಿ ಆದ್ರೆ ಕಡ್ಡಿ ಮೇಲೂ ಇರಬೇಕಿತ್ತು. ಎಷ್ಟು ಗಂಟೆಗೆ ತೆಗೆದದ್ದು?"

ಯಾಮಿಲೆತ್ ಗೋಡೆಯ ಕಡೆ ತಿರುಗಿದಳು. ಚಿತ್ರವನ್ನು ಮೊದಲ ಸಲ ನೋಡುವಂತೆ ನೋಡಿದಳು. ಕಡ್ಡಿಯನ್ನು ನೋಡಿದಳು, ಅದು ಏಳನೇ ಕೊಂಬೆಯಲ್ಲ. ಹಿಂದಿನ ಹಸಿರನ್ನು ನೋಡಿದಳು. ಅದನ್ನು ಆಕೆ ದಿನವೂ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ಆಮೇಲೆ ಮೂರನೇ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಮೆಲ್ಲಗೆ ಕೇಳಿದಳು: "ಎಷ್ಟು ಗಂಟೆಗೆ, ಫೆರ್ಮಿನ್?"

ಎದ್ದು ನಿಂತೆ. "ಬೆಳಗ್ಗೆ ಐದೂವರೆಗೆ," ಅಂದೆ.

ಆ ಭಾನುವಾರ ನಾನು ಎಂಟರವರೆಗೆ ಮಲಗಿದ್ದೆ. ಪಕ್ಕದಿಂದ ಎದ್ದು ಹೋದವಳು ಆಕೆಯೇ.

ಸಭೆ ಕಾಯುತ್ತಿತ್ತು. ಆಕೆಯ ಬೆರಳು ನೋಟುಬುಕ್ಕಿನ ಅಂಚನ್ನು ಒಮ್ಮೆ ಸವರಿತು. "ಹೌದು," ಅಂದಳು. "ಅವತ್ತು ಬೇಗ ಎದ್ದಿದ್ರು." ದೊತೋರ್ ತಲೆಯಾಡಿಸಿ ಬರೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತೊಬಿಯಾಸನ ಬಸ್ಸೇ ಸಿಕ್ಕಿತು. ದಾರಿಯುದ್ದಕ್ಕೂ ಯಾಮಿಲೆತ್ ಕಿಟಕಿ ಪಕ್ಕ ಕೂತು, ತನ್ನ ನೋಟುಬುಕ್ಕಿನ ಜೂನ್ ಹದಿಮೂರರ ಪುಟ ತೆರೆದು, ಮುಚ್ಚದೆ, ತಿದ್ದದೆ, ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಬುಧವಾರದ ಪುಟದ ಬಗ್ಗೆ ಬರೆಯಬೇಕು. ಯಾರೂ ಓದದ ನೋಟುಬುಕ್ಕಿಗೆ ಸುಳ್ಳು ಹೇಳುವವನು ಲೋಕದಲ್ಲಿ ಬೇರೊಬ್ಬನಿದ್ದಾನೋ ಇಲ್ಲವೋ. ಆಕೆ ಅಳಲಿಲ್ಲ. ಗೆರೆ ಎಳೆಯಲಿಲ್ಲ. ಸತ್ಯ ಚಿಕ್ಕದಾದರೂ ಸಾಕು ಎಂಬ ಮಾತು ನನ್ನದು. ಎರಡು ಸಲ ಹೊಡೆದು ಬರೆದಿದ್ದೆ. ಕಪ್ಪನ್ನು ಪಕ್ಕಕ್ಕಿಟ್ಟದ್ದು ನಿಜ. "ಯಾಮಿಲೆತ್, ಒಂದು ಮಾತು," ಅಂದದ್ದೂ ನಿಜ. ಆಕೆ ಕೈಕೆಲಸ ಬಿಟ್ಟು ಎದುರಿಗೆ ಬಂದು ಕೂತಳು. "ಹೇಳಿ," ಅಂದಳು.

ಕಾಫಿಗೆ ಸಕ್ಕರೆ ಸಾಲದು ಅಂದೆ. ಸಕ್ಕರೆ ಸರಿಯಾಗಿಯೇ ಇತ್ತು.